ಸಕ್ಕರೆ ಕಾಯಿಲೆ: ಮೊಬೈಲ್ ವೈದ್ಯನಲ್ಲ, ಲೆಕ್ಕದ ಪುಸ್ತಕ

ಸಕ್ಕರೆ ಕಾಯಿಲೆಯವರು ಹಿಂದೆ ನನ್ನ ಕ್ಲಿನಿಕ್ಕಿಗೆ ಬರುವಾಗ ಜೇಬಿನಲ್ಲಿ ನಾಲ್ಕಾರು ಮಡಿಕೆಯ ಒಂದು ಚೀಟಿ ತರುತ್ತಿದ್ದರು. ಲ್ಯಾಬಿನವರು ಕೊಟ್ಟ ಚೀಟಿ. ಅದರಲ್ಲಿ ಊಟಕ್ಕೆ ಮುಂಚಿನದೊಂದು, ಊಟದ ನಂತರದ್ದೊಂದು ಅಂಕಿ ಇರುತ್ತಿತ್ತು. ಅರ್ಧ ಚೀಟಿಗಳು ಬೆವರಿಗೆ ಅಳಿಸಿಹೋಗಿರುತ್ತಿದ್ದವು. ಈಗ ಚೀಟಿಯ ಜಾಗಕ್ಕೆ ಮೊಬೈಲ್ ಬಂದಿದೆ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮೇಜಿನ ಮೇಲೆ ಮೊಬೈಲ್ ಇಟ್ಟು, ‘ನೋಡಿ ಡಾಕ್ಟ್ರೇ, ಎಲ್ಲಾ ಇದರಲ್ಲೇ ಇದೆ’ ಎನ್ನುತ್ತಾರೆ.

ನಿಜವಾಗಿಯೂ ಎಲ್ಲವೂ ಅದರಲ್ಲಿದೆಯೇ? ಮೊಬೈಲ್ ಇಟ್ಟುಕೊಂಡರೆ ಸಕ್ಕರೆ ಹತೋಟಿಗೆ ಬರುತ್ತದೆಯೇ? ‘ಬರುತ್ತದೆ’ ಎನ್ನುವವರೂ ಇದ್ದಾರೆ, ‘ಇವೆಲ್ಲ ದುಡ್ಡು ಮಾಡುವ ದಾರಿ’ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ ಎಂಬುದು ನನ್ನ ಅನುಭವ. ಆ ಅನುಭವದಲ್ಲಿ ನಾನೇ ಮಾಡಿದ ಒಂದು ತಪ್ಪೂ ಸೇರಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ವರ್ಷಕ್ಕೆ ಒಂದೇ ಗಂಟೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಂತೂ ಒಬ್ಬರು ಇದ್ದೇ ಇರುತ್ತಾರೆ.

ಈ ಕಾಯಿಲೆ ಟೈಫಾಯಿಡ್‌ನಂತಲ್ಲ. ಟೈಫಾಯಿಡ್ ಬಂದರೆ ವೈದ್ಯರು ಔಷಧಿ ಕೊಡುತ್ತಾರೆ, ರೋಗಿ ಮಲಗಿರುತ್ತಾನೆ, ಎರಡು ವಾರದಲ್ಲಿ ಕಾಯಿಲೆ ಹೋಗುತ್ತದೆ. ಸಕ್ಕರೆ ಕಾಯಿಲೆ ಹಾಗೆ ಹೋಗುವುದಲ್ಲ; ಬದುಕಿನ ಉದ್ದಕ್ಕೂ ಜೊತೆಗೇ ಇರುವುದು. ಸಾಮಾನ್ಯವಾಗಿ ನೀವು ಮೂರು ತಿಂಗಳಿಗೊಮ್ಮೆ ವೈದ್ಯರ ಬಳಿ ಬರುತ್ತೀರಿ. ಒಂದೊಂದು ಸಲ ಹದಿನೈದು ನಿಮಿಷ ಎಂದು ಹಿಡಿಯಿರಿ. ವರ್ಷಕ್ಕೆ ನಾಲ್ಕು ಸಲ ಎಂದರೆ ಒಂದು ಗಂಟೆಯಾಯಿತು. ಒಂದು ವರ್ಷಕ್ಕೆ 8,760 ಗಂಟೆಗಳು. ಉಳಿದ 8,759 ಗಂಟೆ ನಿಮ್ಮ ಕಾಯಿಲೆಯನ್ನು ನೋಡಿಕೊಳ್ಳುವವರು ಯಾರು? ನೀವೇ. ಬೆಳಗಿನ ತಿಂಡಿಗೆ ಎಷ್ಟು ಇಡ್ಲಿ, ಮಧ್ಯಾಹ್ನದ ಮುದ್ದೆ ಎಷ್ಟು ದಪ್ಪ, ನೆಂಟರ ಮನೆಯಲ್ಲಿ ಒಬ್ಬಟ್ಟು ಬಡಿಸಿದಾಗ ಅರ್ಧವೋ ಪೂರ್ತಿಯೋ, ರಾತ್ರಿಯ ಮಾತ್ರೆ ನುಂಗಿದ್ದು ನೆನಪಿದೆಯೋ ಇಲ್ಲವೋ, ಇವೆಲ್ಲ ತೀರ್ಮಾನವಾಗುವುದು ನನ್ನ ಕ್ಲಿನಿಕ್ಕಿನಲ್ಲಲ್ಲ, ನಿಮ್ಮ ಅಡುಗೆಮನೆಯಲ್ಲಿ.

ಮೊಬೈಲ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದು ದಿನವಿಡೀ ನಿಮ್ಮ ಜೊತೆ ಇರುವ ವಸ್ತು. ವೈದ್ಯರು ಜೊತೆಯಲ್ಲಿ ಇಲ್ಲದ ಹೊತ್ತಿನಲ್ಲಿ ನೆನಪಿಸಲು, ಬರೆದಿಡಲು, ಸುದ್ದಿ ಮುಟ್ಟಿಸಲು ಅದು ನೆರವಾಗಬಲ್ಲದು.

ಇದು ಬರೀ ಊಹೆಯ ಮಾತಲ್ಲ. ಚೆನ್ನೈನ ಹಿರಿಯ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದಲ್ಲಿ 537 ಮಂದಿ ಗಂಡಸರ ಮೇಲೆ ಒಂದು ಪ್ರಯೋಗ ನಡೆಸಿದರು. ಇವರಿಗೆಲ್ಲ ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಆದರೆ ಬರುವ ಹಂತದಲ್ಲಿದ್ದರು. ಎಲ್ಲರಿಗೂ ಊಟ, ವ್ಯಾಯಾಮದ ಬಗ್ಗೆ ಮೊದಲಿಗೆ ತಿಳಿವಳಿಕೆ ಹೇಳಿ, ಅರ್ಧದಷ್ಟು ಮಂದಿಗೆ ಮಾತ್ರ ಆಗಾಗ ಮೊಬೈಲಿಗೆ ಸಣ್ಣ ಸಂದೇಶಗಳನ್ನು ಕಳಿಸುತ್ತಾ ಹೋದರು. ಎರಡು ವರ್ಷಗಳ ಕೊನೆಗೆ ನೋಡಿದಾಗ, ಸಂದೇಶ ಬರದವರಲ್ಲಿ ನೂರಕ್ಕೆ 27 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಸಂದೇಶ ಬರುತ್ತಿದ್ದವರಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಗಮನಿಸಿ, ಇದಕ್ಕೆ ಬಳಕೆಯಾದದ್ದು ದುಬಾರಿ ಯಂತ್ರವಲ್ಲ. ಸಾಮಾನ್ಯ ಫೋನಿಗೆ ಬರುವ ನಾಲ್ಕು ಸಾಲಿನ ಸಂದೇಶ. ಕೆಲಸ ಮಾಡಿದ್ದು ಒಂದೇ, ಮರೆಯುವ ಮನಸ್ಸಿಗೆ ಮತ್ತೆ ಮತ್ತೆ ನೆನಪು ಮಾಡಿದ್ದು.

ನಾನು ಮಾಡಿದ ತಪ್ಪು

ಇನ್ನು ನನ್ನ ತಪ್ಪಿನ ವಿಷಯ. 2022ರ ಮೇ ತಿಂಗಳು. ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದೆ. ಮೊಬೈಲಿಗೆ ಒಂದು ಫೋಟೊ ಬಂತು. ಗ್ಲುಕೋಮೀಟರಿನ ಫೋಟೊ. ಅಂಕಿ 312. ಕೆಳಗೆ ‘ಸಾರ್, ಅಮ್ಮನ ಶುಗರ್. ಏನು ಮಾಡಲಿ?’ ಎಂದು ಬರೆದಿತ್ತು. ನನ್ನ ಬಳಿ ಹತ್ತು ವರ್ಷದಿಂದ ಬರುತ್ತಿದ್ದ 66ರ ವಯಸ್ಸಿನ ಒಬ್ಬ ತಾಯಿಯ ಮಗ. ಬೆಂಗಳೂರಿನಲ್ಲಿ ಕೆಲಸ. ರಜಕ್ಕೆಂದು ಹೆಂಡತಿ ಮಕ್ಕಳ ಜೊತೆ ಊರಿಗೆ ಬಂದವರು ಅಮ್ಮನಿಗೆಂದು ಹೊಸ ಗ್ಲುಕೋಮೀಟರ್ ತಂದಿದ್ದರು. ಒಳ್ಳೆಯ ಮಗ. ನಾನು ಒಂದು ಕೈಯಲ್ಲಿ ಊಟ ಮಾಡುತ್ತಾ ಇನ್ನೊಂದು ಕೈಯಲ್ಲಿ ಉತ್ತರ ಬರೆದೆ: ‘ಬೆಳಗಿನ ಗ್ಲಿಮೆಪಿರೈಡ್ ಒಂದರ ಬದಲು ಎರಡು ಕೊಡಿ. ವಾರ ಬಿಟ್ಟು ನೋಡೋಣ.’

ಮಗ ಸೊಸೆ ಮಾರನೆಯ ದಿನ ಬೆಂಗಳೂರಿಗೆ ಹೊರಟುಹೋದರು. ಅದರ ಮಾರನೆಯ ದಿನ ಹತ್ತೂವರೆ ಹೊತ್ತಿಗೆ ಪಕ್ಕದ ಮನೆಯ ಹುಡುಗ ಆ ತಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಹಿತ್ತಲಿನ ಕಟ್ಟೆಯ ಬಳಿ ಬಿದ್ದಿದ್ದರಂತೆ. ಮೈಯೆಲ್ಲ ಬೆವರಿನಿಂದ ತೊಯ್ದು ಸೀರೆ ಅಂಟಿಕೊಂಡಿತ್ತು. ಕರೆದರೆ ಕಣ್ಣು ತೆರೆದು ಏನೇನೋ ಮಾತಾಡುತ್ತಿದ್ದರು. ರಕ್ತದ ಸಕ್ಕರೆ 41ಕ್ಕೆ ಇಳಿದಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಐದು ನಿಮಿಷಕ್ಕೆ ಸ್ಪಷ್ಟವಾಗಿ ಮಾತಾಡಿದರು. ಈ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಏರಿದ ಮೇಲೂ ಮತ್ತೆ ಇಳಿಯಬಹುದಾದ್ದರಿಂದ ಮರುದಿನದವರೆಗೂ ಆಸ್ಪತ್ರೆಯಲ್ಲೇ ಇರಿಸಿಕೊಂಡೆವು.

ಸಂಜೆ ಅವರ ಹಾಸಿಗೆಯ ಪಕ್ಕ ಕೂತು ಕೇಳಿದೆ, ‘ಬೆಳಗ್ಗೆ ತಿಂಡಿ ತಿಂದಿರಲಿಲ್ವೇನಮ್ಮ?’

‘ಏಕಾದಶಿ ಅಲ್ವಾ ಡಾಕ್ಟ್ರೇ, ಏನೂ ತಿಂದಿರ್ಲಿಲ್ಲ. ಏನಾದ್ರೂ ಮಾತ್ರೆ ಮಾತ್ರ ತಪ್ಪಿಸ್ಬೇಡಿ ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ಎರಡೂ ನುಂಗ್ದೆ.’

ನನಗೆ ಮಾತು ಹೊರಡಲಿಲ್ಲ. ಆಮೇಲೆ ಆ 312ರ ಬಗ್ಗೆ ಕೇಳಿದೆ. ‘ಅವತ್ತು ಸಿಹಿ ಏನಾದ್ರೂ ತಿಂದಿದ್ರಾ?’

‘ಇಲ್ಲಪ್ಪ. ಮೊಮ್ಮಕ್ಕಳಿಗೆ ಅಂತ ಮಾವಿನಹಣ್ಣು ಹಿಂಡಿ ಸೀಕರಣೆ ಮಾಡ್ತಿದ್ದೆ. ಸೊಸೆ ಬಂದು ಬೆರಳು ಕೊಡಿ ಅತ್ತೆ ಅಂದ್ಲು. ಸೆರಗಿಗೆ ಒರೆಸ್ಕೊಂಡು ಕೊಟ್ಟೆ.’

ಹಣ್ಣಿನ ರಸ ಬೆರಳಿನಲ್ಲಿದ್ದರೆ ಗ್ಲುಕೋಮೀಟರ್ ರಕ್ತದ ಜೊತೆ ಆ ರಸದ ಸಕ್ಕರೆಯನ್ನೂ ಸೇರಿಸಿ ಅಳೆಯುತ್ತದೆ. ಯಂತ್ರದ ತಪ್ಪಲ್ಲ, ಅದಕ್ಕೆ ಗೊತ್ತಾಗುವುದು ಅಷ್ಟೇ. ಅಂದರೆ 312 ಎಂಬ ಆ ಅಂಕಿ ನಂಬುವಂಥದ್ದೇ ಆಗಿರಲಿಲ್ಲ. ಒಂದು ತಿಂಗಳ ಹಿಂದಷ್ಟೇ ಅವರ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ, 7.2 ಬಂದಿತ್ತು. ಆ ವಯಸ್ಸಿಗೆ ಅದು ಒಳ್ಳೆಯ ಹತೋಟಿ. ಆ ಕಾಗದ ನನ್ನ ಫೈಲಿನಲ್ಲೇ ಇತ್ತು. ನಾನು ಫೈಲು ತೆಗೆಯಲಿಲ್ಲ, ಆ ತಾಯಿಯ ಜೊತೆ ಮಾತಾಡಲಿಲ್ಲ, ಕೈ ತೊಳೆದಿದ್ದರೇ, ಉಪವಾಸ ಮಾಡುತ್ತಾರೆಯೇ ಎಂದು ಕೇಳಲಿಲ್ಲ. ಒಂದು ಫೋಟೊ ನೋಡಿ ಮಾತ್ರೆ ಏರಿಸಿದೆ. ಹಿತ್ತಲಿನ ಕಲ್ಲಿಗೆ ತಲೆ ಬಡಿದಿದ್ದರೆ? ಪಕ್ಕದ ಮನೆಯ ಹುಡುಗ ನೋಡದೇ ಹೋಗಿದ್ದರೆ? ಇವತ್ತಿಗೂ ಯೋಚಿಸಿದರೆ ಕೈ ತಣ್ಣಗಾಗುತ್ತದೆ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೊಬೈಲ್ ಅಂಕಿಯನ್ನು ಕ್ಷಣದಲ್ಲಿ ಮುಟ್ಟಿಸುತ್ತದೆ, ಆದರೆ ಅಂಕಿಯ ಹಿಂದಿನ ಸಂಗತಿಯನ್ನು ತಾನಾಗಿ ಮುಟ್ಟಿಸುವುದಿಲ್ಲ. ಸಂಗತಿ ಗೊತ್ತಿಲ್ಲದೆ ಅಂಕಿಗೆ ಔಷಧಿ ಕೊಡಬಾರದು, ತೆಗೆದುಕೊಳ್ಳಲೂಬಾರದು.

ಅಂಕಿಯ ಪಕ್ಕ ಬರೆಯಬೇಕಾದದ್ದು

ಹಾಗಾದರೆ ಏನು ಮಾಡಬೇಕು? ಬರೆಯುವುದನ್ನು ಬಿಡಬೇಡಿ, ಪೂರ್ತಿಯಾಗಿ ಬರೆಯಿರಿ. ಮೊಬೈಲಿನಲ್ಲಿ ಸಕ್ಕರೆಯ ಲೆಕ್ಕ ಬರೆದಿಡುವ ಆ್ಯಪ್‌ಗಳು ಹಲವಾರಿವೆ. ಕೆಲವು ಗ್ಲುಕೋಮೀಟರುಗಳು ತಾವೇ ಮೊಬೈಲಿಗೆ ಅಂಕಿ ಕಳಿಸುತ್ತವೆ. ಯಾವುದೂ ಬೇಡವೆಂದರೆ ಮೊಬೈಲಿನಲ್ಲಿ ಟಿಪ್ಪಣಿ ಬರೆಯುವ ಜಾಗ ಸಾಕು. ಅದೂ ಬಾರದಿದ್ದರೆ ನೂರು ಪುಟದ ನೋಟ್‌ಬುಕ್ ಸಾಕು, ಅದರ ಫೋಟೊ ತೆಗೆದು ಕಳಿಸಬಹುದು. ಯಾವುದರಲ್ಲೇ ಬರೆಯಿರಿ, ಪ್ರತಿ ಅಂಕಿಯ ಪಕ್ಕ ಈ ನಾಲ್ಕು ವಿಷಯ ಇರಲಿ:

1. ಯಾವ ಹೊತ್ತು? ಖಾಲಿ ಹೊಟ್ಟೆಯೋ, ಊಟ ಶುರುಮಾಡಿ ಎರಡು ಗಂಟೆಯ ನಂತರವೋ?

2. ಏನು, ಎಷ್ಟು ತಿಂದಿರಿ? ‘ಊಟ’ ಎಂದರೆ ಸಾಲದು. ಮುದ್ದೆ ಒಂದು, ಅನ್ನ ಎರಡು ಸೌಟು, ಬಾಳೆಹಣ್ಣು ಒಂದು, ಹೀಗೆ.

3. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡದ್ದು ಎಷ್ಟು ಗಂಟೆಗೆ? ಬಿಟ್ಟುಹೋಗಿದ್ದರೆ ಅದನ್ನೂ ಬರೆಯಿರಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಟ್ಟರೆ, ಆ ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಅವರು ಇನ್ನೊಂದು ಮಾತ್ರೆ ಸೇರಿಸುತ್ತಾರೆ.

4. ಆ ದಿನ ವಿಶೇಷವೇನು? ಜ್ವರ, ಪ್ರಯಾಣ, ಉಪವಾಸ, ನಿದ್ದೆಗೆಟ್ಟದ್ದು, ಹೊಲದಲ್ಲಿ ಹೆಚ್ಚು ದುಡಿದದ್ದು, ಮನೆಯಲ್ಲಿ ಜಗಳವಾದದ್ದು. ಇವೆಲ್ಲ ಸಕ್ಕರೆಯನ್ನು ಏರಿಸುತ್ತವೆ, ಇಳಿಸುತ್ತವೆ.

ಬೆರಳು ಚುಚ್ಚುವ ಮೊದಲು ಸೋಪು ನೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳುವುದನ್ನಂತೂ ಮರೆಯಬೇಡಿ. ಅಸಂಭವವೆನಿಸುವ ಅಂಕಿ ಬಂದರೆ ಕೈ ತೊಳೆದು ಇನ್ನೊಮ್ಮೆ ನೋಡಿ. ಇನ್ನೊಂದು ಮಾತು. ಒಳ್ಳೆಯ ಗ್ಲುಕೋಮೀಟರಿಗೂ ನೂರಕ್ಕೆ 15ರಷ್ಟು ಹೆಚ್ಚುಕಡಿಮೆಗೆ ಅಂತರರಾಷ್ಟ್ರೀಯ ಅಳತೆಯ ನಿಯಮದಲ್ಲೇ ಅವಕಾಶವಿದೆ. ಲ್ಯಾಬಿನಲ್ಲಿ 200 ಬರುವ ರಕ್ತ ಯಂತ್ರದಲ್ಲಿ 170 ಎಂದೋ 230 ಎಂದೋ ತೋರಿಸಬಹುದು. ಆದ್ದರಿಂದ ನಿನ್ನೆ 148 ಇತ್ತು, ಇವತ್ತು 156 ಆಗಿದೆ ಎಂದು ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ವೈದ್ಯರಿಗೆ ಫೋನ್ ಮಾಡುವ ಅಗತ್ಯವಿಲ್ಲ. ನೋಡಬೇಕಾದ್ದು ಒಂದು ಅಂಕಿಯನ್ನಲ್ಲ, ಹದಿನೈದು ದಿನಗಳ ಸಾಲನ್ನು.

ಒಂಬತ್ತು ಲೋಟ ಚಹಾ

ಸರಿಯಾಗಿ ಬರೆದಿಟ್ಟರೆ ಏನು ಲಾಭ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಮ್ಮೂರಿನ ಒಬ್ಬ ಬಸ್ ಕಂಡಕ್ಟರ್. ವಯಸ್ಸು 47. ಮೂರು ಬಗೆಯ ಮಾತ್ರೆ ಕೊಟ್ಟರೂ ಸಕ್ಕರೆ ಇಳಿಯುತ್ತಿರಲಿಲ್ಲ. ಎಚ್‌ಬಿಎ1ಸಿ 9.6. ‘ಸಿಹಿ ಮುಟ್ಟೋದೇ ಇಲ್ಲ ಸಾರ್’ ಎನ್ನುತ್ತಿದ್ದರು. ಇನ್ಸುಲಿನ್ ಶುರುಮಾಡುವ ಮುನ್ನ ಒಂದು ಕೆಲಸ ಹೇಳಿದೆ. ‘ಹದಿನೈದು ದಿನ, ಬಾಯಿಗೆ ಹೋಗುವ ಪ್ರತಿಯೊಂದನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನೀರು ಬಿಟ್ಟು ಎಲ್ಲ.’

ಹದಿನೈದು ದಿನ ಬಿಟ್ಟು ಅವರೇ ನಗುತ್ತಾ ಬಂದರು. ‘ನೋಡಿ ಸಾರ್, ದಿನಕ್ಕೆ ಒಂಬತ್ತು ಲೋಟ ಟೀ!’ ಪ್ರತಿ ನಿಲ್ದಾಣದಲ್ಲೂ ಒಂದೊಂದು. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೂ ದಿನಕ್ಕೆ ಹದಿನೆಂಟು ಚಮಚವಾಯಿತು. ಚಹಾ ಅವರಿಗೆ ‘ಸಿಹಿ’ಯ ಲೆಕ್ಕದಲ್ಲೇ ಇರಲಿಲ್ಲ. ಜೊತೆಗೆ ರಾತ್ರಿ ತಂಗುವ ಪಾಳಿ ಬಂದ ದಿನಗಳಲ್ಲಿ ರಾತ್ರಿಯ ಮಾತ್ರೆ ಮನೆಯಲ್ಲೇ ಉಳಿಯುತ್ತಿತ್ತು. ಮೊಬೈಲಿನಲ್ಲಿ ಊಟದ ಹೊತ್ತಿಗೆ ಎರಡು ಅಲಾರಂ ಇಟ್ಟುಕೊಂಡರು. ಮಾತ್ರೆಯ ಒಂದು ಪಟ್ಟಿ ಟಿಕೆಟ್ ಚೀಲಕ್ಕೆ ಸೇರಿತು. ಚಹಾ ಮೂರು ಲೋಟಕ್ಕೆ ಇಳಿಯಿತು, ಅದೂ ಸಕ್ಕರೆಯಿಲ್ಲದೆ. ಆರು ತಿಂಗಳಲ್ಲಿ ಎಚ್‌ಬಿಎ1ಸಿ 7.4ಕ್ಕೆ ಬಂತು. ನಾನು ಹೊಸ ಮಾತ್ರೆ ಬರೆಯಲಿಲ್ಲ. ಮೊಬೈಲೂ ಅವರನ್ನು ಗುಣಪಡಿಸಲಿಲ್ಲ. ತಾನು ಏನು ಮಾಡುತ್ತಿದ್ದೇನೆಂದು ಅವರಿಗೇ ತೋರಿಸಿತು, ಉಳಿದದ್ದನ್ನು ಅವರೇ ಮಾಡಿದರು.

ತೋಳಿನ ಬಿಲ್ಲೆ, ಕೈಯ ಗಡಿಯಾರ

ಈಗ ತೋಳಿಗೆ ಅಂಟಿಸಿಕೊಳ್ಳುವ, ನಾಣ್ಯದಷ್ಟು ಗಾತ್ರದ ಒಂದು ಬಿಲ್ಲೆ ಬಂದಿದೆ. ಅದರ ಕೂದಲಿನಂಥ ಸೂಜಿ ಚರ್ಮದ ಕೆಳಗೆ ಕೂತು, ಹಗಲೂ ರಾತ್ರಿ ಸಕ್ಕರೆಯನ್ನು ಅಳೆದು ಮೊಬೈಲಿಗೆ ಕಳಿಸುತ್ತದೆ. ಸಾಮಾನ್ಯವಾಗಿ ಎರಡು ವಾರ ಬಾಳುತ್ತದೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಟೈಪ್ 1 ಮಧುಮೇಹವಿರುವ ಮಕ್ಕಳಿಗೆ, ನಿದ್ದೆಯಲ್ಲಿ ಸಕ್ಕರೆ ಇಳಿಯುವವರಿಗೆ ಇದು ನಿಜಕ್ಕೂ ವರದಾನ. ರಾತ್ರಿ ಸಕ್ಕರೆ ಇಳಿದರೆ ತಾಯಿಯ ಮೊಬೈಲ್ ಕೂಗಿ ಎಬ್ಬಿಸುವ ವ್ಯವಸ್ಥೆಯೂ ಕೆಲವದರಲ್ಲಿದೆ. ಆದರೆ ಒಂದು ಬಿಲ್ಲೆಗೆ ಹಲವು ಸಾವಿರ ರೂಪಾಯಿ. ಒಂದೆರಡು ಮಾತ್ರೆಯಲ್ಲಿ ಹತೋಟಿಯಲ್ಲಿರುವವರು ಇದನ್ನು ವರ್ಷವಿಡೀ ಅಂಟಿಸಿಕೊಳ್ಳಬೇಕಿಲ್ಲ. ವೈದ್ಯರು ಹೇಳಿದರೆ ವರ್ಷಕ್ಕೊಮ್ಮೆ ಎರಡು ವಾರ ಹಾಕಿಕೊಂಡು, ಯಾವ ತಿಂಡಿಗೆ ಸಕ್ಕರೆ ಎಷ್ಟು ಏರುತ್ತದೆಂದು ಕಲಿತುಕೊಳ್ಳಬಹುದು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೈ ನಡುಗಿ ಬೆವರುತ್ತಿದ್ದರೂ ಮೊಬೈಲ್ ‘ಸರಿಯಿದೆ’ ಎನ್ನುತ್ತಿದ್ದರೆ ಬೆರಳು ಚುಚ್ಚಿ ನೋಡಿ. ಯಾವಾಗಲೂ ಮೈಯ ಮಾತಿಗೇ ಮೊದಲ ಮರ್ಯಾದೆ.

ಇನ್ನೊಂದು ಬಗೆ ಇದೆ. ಚುಚ್ಚದೆಯೇ ಸಕ್ಕರೆ ತೋರಿಸುತ್ತೇವೆಂದು ಹೇಳಿ ಮಾರುವ ಕೈಗಡಿಯಾರ, ಉಂಗುರಗಳು. ಇವನ್ನು ನಂಬಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಇಂಥ ಗಡಿಯಾರ, ಉಂಗುರಗಳನ್ನು ಸಕ್ಕರೆ ಅಳೆಯಲು ಬಳಸಬೇಡಿರೆಂದು ಎಚ್ಚರಿಕೆ ಕೊಟ್ಟಿತು. ತಾನಾಗಿ ಸಕ್ಕರೆ ಅಳೆಯುವ ಒಂದಕ್ಕೂ ಅಲ್ಲಿಯವರೆಗೆ ಅದು ಅನುಮತಿ ಕೊಟ್ಟಿರಲಿಲ್ಲ. ತೋಳಿನ ಬಿಲ್ಲೆ ಕಳಿಸಿದ ಅಂಕಿಯನ್ನು ಗಡಿಯಾರ ತೋರಿಸುವುದು ಬೇರೆ. ಗಡಿಯಾರವೇ ಅಳೆಯುತ್ತೇನೆ ಎನ್ನುವುದು ಬೇರೆ.

ಅದೇ ಮೊಬೈಲಿನಲ್ಲಿ ಬರುವ ವಿಷ

ಲೆಕ್ಕ ಬರೆಯುವ ಮೊಬೈಲಿನಲ್ಲೇ ‘ಇದನ್ನು ಇಪ್ಪತ್ತೊಂದು ದಿನ ಕುಡಿಯಿರಿ, ಮಾತ್ರೆ ಬಿಸಾಡಿ’ ಎಂಬ ವಾಟ್ಸ್ಆ್ಯಪ್ ಸಂದೇಶವೂ ಬರುತ್ತದೆ. ಬೆಂಡೆಕಾಯಿ ನೆನೆಸಿದ ನೀರು, ಯಾವುದೋ ಸೊಪ್ಪಿನ ರಸ, ಯಾವುದೋ ಬೀಜದ ಪುಡಿ. ಬೆಂಡೆಕಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಒಳ್ಳೆಯ ತರಕಾರಿ. ಪಲ್ಯ ಮಾಡಿಕೊಂಡು ತಿನ್ನಿ. ಆದರೆ ಸಂದೇಶ ನಂಬಿ ನಲವತ್ತು ದಿನ ಮಾತ್ರೆ ಬಿಟ್ಟ ಒಬ್ಬ ರೈತರು, ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗದೆ, ಗಾಯ ಕೊಳೆತ ಮೇಲೆ ನನ್ನ ಬಳಿ ಬಂದರು. ಎರಡು ಬೆರಳು ಹೋದವು. ಟೈಪ್ 1 ಮಧುಮೇಹದ ಮಗುವಿಗೆ ಹೀಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ. ಸಂದೇಶ ಕಳಿಸಿದವರು ಆಗ ಆಸ್ಪತ್ರೆಗೆ ಬರುವುದಿಲ್ಲ. ನಿಮಗೆ ಬಂದದ್ದನ್ನು ಮುಂದಕ್ಕೆ ದಾಟಿಸುವ ಮೊದಲು ಈ ಮಾತು ನೆನಪಿರಲಿ.

ಮೊಬೈಲ್ ಯಾರ ಕೈಯಲ್ಲಿರಬೇಕು?

ಅನೇಕ ಮನೆಗಳಲ್ಲಿ ಕಾಯಿಲೆ ಅಮ್ಮನದು, ಆ್ಯಪ್ ಮಗನದು. ಅಂಕಿ ಬೆಂಗಳೂರಿಗೋ ಅಮೆರಿಕಕ್ಕೋ ಹೋಗುತ್ತದೆ. ಅಲ್ಲಿಂದ ‘ಯಾಕಮ್ಮ ಇವತ್ತು ಇಷ್ಟೊಂದಿದೆ? ಏನು ತಿಂದೆ?’ ಎಂದು ವಿಚಾರಣೆ ಬರುತ್ತದೆ. ಮಕ್ಕಳ ಕಾಳಜಿ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಕೇಳಿಸಿಕೊಂಡ ತಾಯಂದಿರು ಮುಂದೆ ಏನು ಮಾಡುತ್ತಾರೆ ಗೊತ್ತೇ? ಸಕ್ಕರೆ ಹೆಚ್ಚಿರಬಹುದೆನಿಸಿದ ದಿನ ಪರೀಕ್ಷೆಯನ್ನೇ ಮಾಡಿಕೊಳ್ಳುವುದಿಲ್ಲ! ಯಂತ್ರ ಕೆಟ್ಟಿದೆ ಎನ್ನುತ್ತಾರೆ, ಪಟ್ಟಿ ಮುಗಿದಿದೆ ಎನ್ನುತ್ತಾರೆ.

ಮಕ್ಕಳಿಗೆ ನನ್ನ ಕೋರಿಕೆ ಇಷ್ಟು. ಅಪ್ಪ ಅಮ್ಮನಿಗೆ ಗ್ಲುಕೋಮೀಟರ್ ಕೊಟ್ಟು ಹೋಗಬೇಡಿ, ಕಲಿಸಿ ಹೋಗಿ. ಒಂದು ಗಂಟೆ ಪಕ್ಕದಲ್ಲಿ ಕೂತು ಅವರಿಂದಲೇ ಮಾಡಿಸಿ. ಮೊಬೈಲಿನ ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ. ಬರೆಯಲು ಬಾರದವರು ಧ್ವನಿ ಸಂದೇಶದಲ್ಲಿ ಹೇಳಲಿ. ಫೋನಿನಲ್ಲಿ ಮೊದಲು ‘ಹೇಗಿದ್ದೀಯಮ್ಮ’ ಎಂದು ಕೇಳಿ, ಸಕ್ಕರೆಯ ಮಾತು ಆಮೇಲೆ ಬರಲಿ. ಯಂತ್ರಕ್ಕಿಂತ ಅದರ ಪಟ್ಟಿಗಳಿಗೆ ಹೆಚ್ಚು ಖರ್ಚಾಗುತ್ತದೆ ಎಂಬುದೂ ನೆನಪಿರಲಿ. ಉಡುಗೊರೆ ಕೊಡುವುದಾದರೆ ವರ್ಷಕ್ಕಾಗುವಷ್ಟು ಪಟ್ಟಿ ಕೊಡಿಸಿ.

ಮೊಬೈಲಿನ ಇನ್ನೊಂದು ಸುಲಭ ಉಪಯೋಗ ಹೇಳುತ್ತೇನೆ. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲಾಗುವುದಿಲ್ಲ. ರಾತ್ರಿ ಮಲಗುವ ಮುನ್ನ ಮನೆಯವರು ಅಂಗಾಲಿನ ಒಂದು ಫೋಟೊ ತೆಗೆದು ತೋರಿಸಲಿ. ಬಿರುಕು, ಗುಳ್ಳೆ, ಕಪ್ಪಾದ ಜಾಗ ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ಎಷ್ಟೋ ಕಾಲುಗಳು ಇದರಿಂದ ಉಳಿದಾವು.

ಮೊಬೈಲ್ ಕೆಳಗಿಟ್ಟು ಓಡಿ ಬನ್ನಿ

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೂರವಾಣಿ, ವಿಡಿಯೊ ಮೂಲಕ ವೈದ್ಯಕೀಯ ಸಲಹೆ ನೀಡಲು ನಿಯಮಗಳನ್ನು ಹೊರಡಿಸಿತು. ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಈ ಸಲಹೆ ಉಚಿತವಾಗಿ ಸಿಗುತ್ತದೆ. ದೂರದ ಹಳ್ಳಿಯವರಿಗೆ ಇದರಿಂದ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ. ಒಳ್ಳೆಯದೇ. ಆದರೆ ಎಲ್ಲಕ್ಕೂ ಫೋನ್ ಸಾಲದು.

ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಸಕ್ಕರೆ 300 ದಾಟಿ ವಾಂತಿ ಅಥವಾ ಮಂಪರು, ಕಾಲಿನ ಗಾಯದಲ್ಲಿ ದುರ್ವಾಸನೆ, ಇವುಗಳಲ್ಲಿ ಯಾವುದೇ ಕಂಡರೂ ಫೋಟೊ ಕಳಿಸಿ ಉತ್ತರಕ್ಕೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸಕ್ಕರೆ 70ಕ್ಕಿಂತ ಇಳಿದರೆ, ಅಥವಾ ನಡುಕ, ಬೆವರು, ಕಣ್ಣುಕತ್ತಲೆ ಬಂದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ಏನಾದರೂ ತಿನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಪಾದದ ಸ್ಪರ್ಶಜ್ಞಾನ ಇವನ್ನು ವರ್ಷಕ್ಕೊಮ್ಮೆಯಾದರೂ ಮುಖತಃ ಬಂದು ಪರೀಕ್ಷಿಸಿಕೊಳ್ಳಬೇಕು. ನಿಮ್ಮ ಜೇಬಿನ ಮೊಬೈಲ್ ಈ ಕೆಲಸ ಮಾಡುವುದಿಲ್ಲ.

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ರೋಗಿ ಹದಿನೈದು ದಿನ ಕಷ್ಟಪಟ್ಟು ಬರೆದು ತಂದದ್ದನ್ನು ನಾವು ಕಣ್ಣೆತ್ತಿ ನೋಡದಿದ್ದರೆ ಹದಿನಾರನೆಯ ದಿನ ಅವರೇಕೆ ಬರೆಯಬೇಕು? ಎರಡು ನಿಮಿಷ ಅದನ್ನು ಓದೋಣ. ಫೋನಿನಲ್ಲಿ ಔಷಧಿಯ ಪ್ರಮಾಣ ಬದಲಿಸುವ ಮೊದಲು ರೋಗಿಯೊಡನೆಯೇ ಮಾತಾಡೋಣ. ಊಟದ ಪಂಕ್ತಿಯಲ್ಲಿ ಕೂತು ಉತ್ತರ ಬರೆಯುವುದು ಬೇಡ.

ಆ ತಾಯಿ ಈಗಲೂ ನನ್ನ ಬಳಿ ಬರುತ್ತಾರೆ. ಏಕಾದಶಿಯ ಹಿಂದಿನ ದಿನ ತಪ್ಪದೆ ಧ್ವನಿ ಸಂದೇಶ ಕಳಿಸುತ್ತಾರೆ. ‘ಡಾಕ್ಟ್ರೇ, ನಾಳೆ ಉಪವಾಸ. ಅವಲಕ್ಕಿ ತಿಂತೀನಿ. ಮಾತ್ರೆ ಎಷ್ಟು ತಗೊಳ್ಳಿ? ಕೈ ತೊಳ್ಕೊಂಡೇ ನೋಡಿದೀನಿ, 138 ಇದೆ.’ ನಾನು ಫೈಲು ತೆಗೆದು ನೋಡಿ, ಅವರಿಗೆ ಫೋನ್ ಮಾಡಿ ಮಾತಾಡಿ, ಆಮೇಲೆ ಹೇಳುತ್ತೇನೆ.

ಮೊಬೈಲಿನಿಂದ ಇಷ್ಟಾದರೆ ಸಾಕು. ನಿಮ್ಮ ಮನೆಯಲ್ಲೂ ಇವತ್ತಿನಿಂದಲೇ ಶುರುಮಾಡಿ. ಕೈ ತೊಳೆಯಿರಿ, ಅಳೆಯಿರಿ, ಅಂಕಿಯ ಪಕ್ಕ ಸಂಗತಿ ಬರೆಯಿರಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ‘ಎಲ್ಲಾ ಇದರಲ್ಲೇ ಇದೆ’ ಎಂದು ಮೊಬೈಲ್ ತಳ್ಳಿ ಸುಮ್ಮನೆ ಕೂರಬೇಡಿ. ಅದನ್ನು ಕೈಯಲ್ಲಿ ಹಿಡಿದು, ನೀವೇ ಬಾಯಿಬಿಟ್ಟು ಹೇಳಿ.